ತಿಳಿ ಬಣ್ಣದ ಇಪ್ಪತ್ತೈದು ವರ್ಷ

ನನ್ನ ಕಪಾಟಿನ ಬಾಗಿಲು ತೆರೆದರೆ ಸೀರೆಗಳು ಮೈಮೇಲೆ ಬೀಳುತ್ತಿದ್ದ ಕಾಲವೊಂದಿತ್ತು. ಒಂದನ್ನು ಎಳೆದರೆ ನಾಲ್ಕು ಜೊತೆಗೇ ಜಾರಿ ಬರುತ್ತಿದ್ದವು. ಆದರೂ ಮದುವೆಗೋ ಮುಂಜಿಗೋ ಹೊರಡುವ ದಿನ ಬಂತೆಂದರೆ ಅದೇ ಕಪಾಟಿನ ಮುಂದೆ ನಿಂತು, "ಉಡಾಕ ಒಂದರ ಛಲೋ ಸೀರಿ ಐತೇನು?" ಎಂದು ಗೊಣಗುತ್ತಿದ್ದೆ. ನನ್ನವರು ಪತ್ರಿಕೆಯಿಂದ ತಲೆ ಎತ್ತದೆ, "ಇನ್ನೊಂದು ಕಪಾಟ ತರೋಣೇನು?" ಎನ್ನುತ್ತಿದ್ದರು. ಇಂಥ ಮಾತುಕತೆ ನಮ್ಮ ಮನೆಯಲ್ಲಿ ನಡೆಯುವುದೇ ಇಲ್ಲ ಎಂದು ನೀವು ಹೇಳಿದರೆ ನಾನಂತೂ ನಂಬುವವಳಲ್ಲ.

ನನ್ನ ಬಣ್ಣದ ವಿಷಯ ಮೊದಲೇ ಹೇಳಿಬಿಡುತ್ತೇನೆ. ವಧು-ವರರ ಜಾಹೀರಾತುಗಳಲ್ಲಿ ಎಣ್ಣೆಗೆಂಪು ಇರುತ್ತದೆ, ಗೋಧಿ ಬಣ್ಣ ಇರುತ್ತದೆ. ಕಪ್ಪು ಎಂಬುದು ಇರುವುದೇ ಇಲ್ಲ. ನಾನು ಗದಗದ ಕಡೆಯವಳು. ನನ್ನ ಬಣ್ಣ ಗೋಧಿಯದೂ ಅಲ್ಲ, ಜೋಳದ್ದೂ ಅಲ್ಲ, ಅವೆರಡನ್ನೂ ಬೆಳೆಯುವ ನಮ್ಮ ಎರೆಹೊಲದ್ದು. ಎತ್ತರ ಬರಿಗಾಲಲ್ಲಿ 4 ಅಡಿ 11 ಇಂಚು.

ಚಿಕ್ಕಂದಿನಲ್ಲಿ ಬಟ್ಟೆ ಅಂಗಡಿಗೆ ಹೋದಾಗ ಅವ್ವ ನನ್ನ ತೋಳು ಹಿಡಿದೆಳೆದು, ಅದರ ಮೇಲೆ ಬಟ್ಟೆಯ ತುದಿ ಇಟ್ಟು ನೋಡುತ್ತಿದ್ದಳು. ಕೆಂಪೋ ಹಸಿರೋ ನನ್ನ ಕಣ್ಣಿಗೆ ಬಿತ್ತೆಂದರೆ, "ಕಡು ಬಣ್ಣ ಬ್ಯಾಡವಾ, ಇನ್ನಷ್ಟು ಕಪ್ಪ ಕಾಣ್ತಿ" ಎನ್ನುವಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಮಳೆಯಲ್ಲಿ ನೆನೆಯಬೇಡ, ಉರಿಬಿಸಿಲಲ್ಲಿ ತಿರುಗಬೇಡ ಎಂದ ಹಾಗೇ ಇದನ್ನೂ ಹೇಳುತ್ತಿದ್ದಳು. ನಾನು ಮಾತ್ರ ತೋಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲುತ್ತಿದ್ದೆ.

ಹೀಗಾಗಿ ನನ್ನ ಪಾಲಿಗೆ ಬಂದದ್ದು ಕೆನೆ ಬಣ್ಣ, ಪಿಸ್ತಾ, ಆಕಾಶ ನೀಲಿ, ಉಳ್ಳಾಗಡ್ಡಿ ಸಿಪ್ಪೆಯಂಥ ತಿಳಿ ಗುಲಾಬಿ. ಆ ಗುಲಾಬಿ ಸೀರೆಯಲ್ಲೇ ಮೂರು ಸಲ ಕನ್ಯಾ ತೋರಿಸುವ ಶಾಸ್ತ್ರ ನಡೆಯಿತು. ಮೂರನೆಯವರು ಒಪ್ಪಿದರು. ಅದು ಸೀರೆಯ ಗುಣವೆಂದೇ ಅವ್ವ ನಂಬಿದಳು. ಎಷ್ಟೋ ವರ್ಷದ ಮೇಲೆ ಆ ಸೀರೆ ನೆನಪಿದೆಯೇ ಎಂದು ನನ್ನವರನ್ನು ಕೇಳಿದೆ. "ಸೀರಿ ನೆನಪಿಲ್ಲ. ಉಪ್ಪಿಟ್ಟಿನಾಗ ಉಪ್ಪು ಜಾಸ್ತಿ ಇತ್ತು ನೋಡು, ಅದು ನೆನಪೈತಿ" ಎಂದರು.

1991ರಲ್ಲಿ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತು. ಸಂಬಳ ನನ್ನದೇ, ಅಂಗಡಿಗೆ ಹೋಗುವವಳೂ ನಾನೇ. ಆದರೂ ಕೈ ತಾನಾಗಿ ತಿಳಿ ಬಣ್ಣದ ಕಡೆಗೇ ಹೋಗುತ್ತಿತ್ತು. ಅವ್ವ ಊರಲ್ಲಿದ್ದರೂ ಅವಳ ಕೈ ಮಾತ್ರ ನನ್ನ ತೋಳಿನ ಮೇಲೇ ಇತ್ತು.

2016ರ ಡಿಸೆಂಬರಿನಲ್ಲಿ ಮಗಳ ಕಾಲೇಜಿನ ಕೊನೆಯ ಗ್ಯಾದರಿಂಗಿಗೆಂದು ಸೀರೆ ತರಲು ಹುಬ್ಬಳ್ಳಿಗೆ ಹೋದೆವು. ಮಗಳದೂ ನನ್ನದೇ ಬಣ್ಣ. ಅವಳು ರಾಶಿಯ ಅಡಿಯಿಂದ ನೇರಳೆ ಹಣ್ಣಿನ ಬಣ್ಣದ ಸೀರೆಯೊಂದನ್ನು ಎಳೆದಳು. ನಾನು ಕೆನೆ ಬಣ್ಣದ್ದೊಂದನ್ನು ಎತ್ತಿ, ಅವಳ ತೋಳು ಹಿಡಿದು, ಅದರ ಮೇಲಿಟ್ಟು, "ಕಡು ಬಣ್ಣ ಬ್ಯಾಡವಾ, ಇನ್ನಷ್ಟು ಕಪ್ಪ ಕಾಣ್ತಿ" ಎಂದೆ. ಅಕ್ಷರ ಒಂದೂ ಆಚೀಚೆ ಆಗಲಿಲ್ಲ. ಸೀರೆ ತೋರಿಸುತ್ತಿದ್ದ ಹುಡುಗನೂ "ಅಮ್ಮಾರು ಹೇಳೋದು ಖರೇ ಐತ್ರಿ" ಎಂದು ತಲೆಯಾಡಿಸಿದ.

ಮಗಳ ತೋಳು ಬೆನ್ನ ಹಿಂದೆ ಹೋಯಿತು.

"ಅಮ್ಮಾ, ಇದನ್ನ ನಿನಗ ಯಾರು ಹೇಳ್ಯಾರ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮಜ್ಜಿ."

"ಅಜ್ಜಿಗ ಯಾರು ಹೇಳ್ಯಾರ?"

ನನ್ನಲ್ಲಿ ಉತ್ತರವಿರಲಿಲ್ಲ. ಸೀರೆ ಕೊಳ್ಳದೆ ವಾಪಸು ಬಂದೆವು. ಬಸ್ಸಿನಲ್ಲಿ ಅವಳು ಉದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಳು. ಹೊರಗೆ ಎರೆಹೊಲಗಳು, ಕಡಲೆ, ಕುಸುಬಿಯ ಪೈರು. ಆ ಕಪ್ಪು ನೆಲದ ಮೇಲೆ ಕುಸುಬಿ ಹೂ ಅರಳಿ ನಿಂತಾಗ ಇಷ್ಟು ಕಡು ಹಳದಿ ಈ ಮಣ್ಣಿಗೆ ಒಪ್ಪುವುದಿಲ್ಲ ಎಂದು ಯಾರಾದರೂ ಅಂದದ್ದುಂಟೇ ಎಂದು ನನಗೆ ಅವತ್ತು ಅನ್ನಿಸಿತು.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹಳೆಯ ಟ್ರಂಕು ತೆಗೆದೆ. ನಮ್ಮ ಶಾಲೆಯಲ್ಲಿ ಪ್ರತಿವರ್ಷ ಹತ್ತನೆಯ ತರಗತಿಯ ಮಕ್ಕಳ ಜೊತೆ ಗ್ರೂಪ್ ಫೋಟೋ ತೆಗೆಸುತ್ತಾರೆ. 1992ರಿಂದ 2016ರವರೆಗೆ 25 ಫೋಟೋಗಳು. ಎಲ್ಲವನ್ನೂ ಮಂಚದ ಮೇಲೆ ಸಾಲಾಗಿ ಹಚ್ಚಿದೆ. ಮಾಸ್ತರಿಕೆಯ ಚಾಳಿ ಎಲ್ಲಿ ಹೋದೀತು? ಒಂದು ಹಾಳೆ ತೆಗೆದುಕೊಂಡು ಅಂಕ ಹಾಕುತ್ತ ಹೋದೆ. ಪ್ರಶ್ನೆ ಒಂದೇ: ಫೋಟೋ ನೋಡಿದ ಕೂಡಲೇ ಮೊದಲು ಕಾಣುವುದು ಸೀರೆಯೋ, ನನ್ನ ಮುಖವೋ?

24 ಫೋಟೋಗಳಲ್ಲಿ ಸೀರೆಯೇ ಕಂಡಿತು. ಎರಡನೆಯ ಸಾಲಿನಲ್ಲಿ ಒಂದು ಬಿಳಿಚಿದ ತೇಪೆ, ಅದರ ಮೇಲೆ ಮಸಿಯ ಚುಕ್ಕೆಯಂಥ ನನ್ನ ಮುಖ. 1998ರ ಒಂದೇ ಒಂದು ಫೋಟೋದಲ್ಲಿ ಮೊದಲು ಮುಖ ಕಂಡಿತು. ಕಣ್ಣು ಕಂಡವು, ನಗು ಕಂಡಿತು. ಆ ವರ್ಷ ಗ್ಯಾದರಿಂಗಿನಲ್ಲಿ ಜಾನಪದ ಕುಣಿತ ಇದ್ದುದರಿಂದ ಟೀಚರುಗಳೆಲ್ಲ ಇಳಕಲ್ ಸೀರೆ ಉಡಬೇಕೆಂದು ತೀರ್ಮಾನವಾಗಿತ್ತು. ನನ್ನ ಬಳಿ ಇರಲಿಲ್ಲ. ಅವ್ವನ ಮದುವೆಯ ಇಳಕಲ್ ಕೇಳಿ ತಂದಿದ್ದೆ. ದಾಳಿಂಬೆ ಬಣ್ಣದ್ದು. ಫೋಟೋದವರೂ ಅದೇ ದಿನ ಬಂದಿದ್ದರು. ಅವತ್ತು ಸಹೋದ್ಯೋಗಿಯೊಬ್ಬರು "ಇವತ್ತ ಭಾಳ ಛಂದ ಕಾಣಾಕತ್ತೀರಿ" ಎಂದಿದ್ದರು. ಚೇಷ್ಟೆ ಮಾಡುತ್ತಿದ್ದಾರೆಂದು ತಿಳಿದು ನಾನು ಮುಖ ಗಂಟಿಕ್ಕಿದ್ದೆ. ಮರುದಿನವೇ ಸೀರೆ ಮಡಚಿ ಅವ್ವನಿಗೆ ಮುಟ್ಟಿಸಿದ್ದೆ.

ಮರುದಿನ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರಿಗೆ ಎರಡು ಫೋಟೋ ತೋರಿಸಿ, ಇದೇಕೆ ಹೀಗೆ ಎಂದು ಕೇಳಿದೆ. ಅವರು ಮಾತಾಡಲಿಲ್ಲ. ಒಂದೇ ಕಂದು ಕಾಗದದಿಂದ ಎರಡು ಚೌಕ ಕತ್ತರಿಸಿ, ಒಂದನ್ನು ಬಿಳಿ ಹಾಳೆಯ ಮೇಲೆ, ಇನ್ನೊಂದನ್ನು ಕಡುಗೆಂಪು ಹಾಳೆಯ ಮೇಲೆ ಇಟ್ಟರು. ಬಿಳಿಯ ಮೇಲಿನದು ಕಪ್ಪಾಗಿ ಕಂಡಿತು. ಕೆಂಪಿನ ಮೇಲಿನದು ತುಸು ತಿಳಿಯಾಗಿ, ಬೆಚ್ಚಗೆ ಕಂಡಿತು. ಅದಲುಬದಲು ಮಾಡಿದರು; ಆಗಲೂ ಹಾಗೆಯೇ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನ ಕಥೆಯನ್ನೂ ಹೇಳಿದರು. ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹತ್ತಿಲ್ಲ ಎಂದು ಅಲ್ಲಿ ದೂರು ಬಂದಿತ್ತಂತೆ. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದ ನೂಲಿನ ಬಣ್ಣ ಅದನ್ನು ಮಂಕು ಮಾಡಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಯ ಬಣ್ಣ ನಿರ್ಧರಿಸುತ್ತದೆ ಎಂದು ಅವನು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ.

ಅಂದರೆ ನನ್ನನ್ನು ಬೆಳ್ಳಗೆ ತೋರಿಸಲೆಂದು ಉಡಿಸಿದ ಸೀರೆಗಳೇ ನನ್ನನ್ನು ಇನ್ನಷ್ಟು ಕಪ್ಪಗೆ ತೋರಿಸಿದ್ದವು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಇನ್ನೊಂದು ಯೋಚನೆ ಬಂತು. 1998ರ ಫೋಟೋ ಚೆನ್ನಾಗಿದ್ದದ್ದು ನಾನು ಅದರಲ್ಲಿ ಬೆಳ್ಳಗಿದ್ದೇನೆ ಎಂದಲ್ಲ. ಅದರಲ್ಲಿಯೂ ನಾನು ಕಪ್ಪೇ. ಆದರೆ ನಾನು ಇದ್ದೆ. ಉಳಿದವುಗಳಲ್ಲಿ ಸೀರೆಯ ಹಿಂದೆ ಅಡಗಿ ಕುಳಿತಿದ್ದೆ.

ಮುಂದಿನ ರವಿವಾರ ಕಪಾಟು ಪೂರ್ತಿ ಖಾಲಿ ಮಾಡಿದೆ. 64 ಸೀರೆಗಳು. ಮೂರು ಗುಂಪು ಮಾಡಿದೆ: ಆಯೇರಿಯಲ್ಲಿ ಬಂದವು, ರಿಬೇಟಿನಲ್ಲಿ ಸಿಕ್ಕವೆಂದು ತಂದವು, ನನಗೆ ಬೇಕೆಂದು ತಂದವು. ಮೂರನೆಯ ಗುಂಪಿನಲ್ಲಿ ಒಂಬತ್ತೇ ಇದ್ದವು. ಒಂದೊಂದನ್ನೂ ಕಿಟಕಿಯ ಬೆಳಕಿನಲ್ಲಿ ಗಲ್ಲದ ಕೆಳಗೆ ಹಿಡಿದು ಕನ್ನಡಿ ನೋಡಿದೆ. ನೀವೂ ಒಮ್ಮೆ ಮಾಡಿ ನೋಡಿ, ಖರ್ಚಿಲ್ಲದ ಕೆಲಸ. ಕೆಲವು ಸೀರೆ ಹಿಡಿದಾಗ ನಿಮ್ಮ ಕಣ್ಣು ಬಟ್ಟೆಯ ಮೇಲೆ ಹೋಗುತ್ತದೆ, ಕೆಲವು ಹಿಡಿದಾಗ ನಿಮ್ಮ ಮುಖದ ಮೇಲೆ. ಎರಡನೆಯ ಬಗೆಯದು ನಿಮ್ಮದು.

ಎಲ್ಲ ತಿಳಿ ಬಣ್ಣಗಳನ್ನೂ ಹೊರಹಾಕಲಿಲ್ಲ. ಕೆನೆ ಬಣ್ಣದ್ದೊಂದನ್ನು ಉಳಿಸಿಕೊಂಡೆ, ಏಕೆಂದರೆ ಅದರ ಸೆರಗು ಕಡುಗೆಂಪು. ಮುಖದ ಹತ್ತಿರ ಇರುವುದು ಸೆರಗು ಮತ್ತು ರವಿಕೆ; ನ್ಯಾಯ ಹೇಳುವುದು ಅವೇ. ಸಾಸಿವೆ ಹಳದಿ ನನಗೆ ಒಪ್ಪುತ್ತದೆ ಎಂದು ಐವತ್ತು ದಾಟಿದ ಮೇಲೆ ಗೊತ್ತಾಯಿತು.

ಬಣ್ಣದ ಭಯ ಬಿಟ್ಟ ಮೇಲೆ ಉಳಿದದ್ದೂ ಕಣ್ಣಿಗೆ ಬೀಳತೊಡಗಿತು. ಮೈಗೊಂದು ಬಣ್ಣ, ಅಂಚಿಗೊಂದು ಬಣ್ಣ, ಅದೂ ಆರಿಂಚು ಅಗಲದ ಅಂಚು ಎಂದರೆ ನನ್ನಂಥ ಗಿಡ್ಡವರನ್ನು ಅಡ್ಡಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಅದೇ ಸೀರೆ ನಮ್ಮ ಎತ್ತರದ ಹಿಂದಿ ಟೀಚರಿಗೆ ರಾಣಿಯ ಕಳೆ ತರುತ್ತಿತ್ತು. ನನಗೆ ಎರಡು ಇಂಚಿನ ಅಂಚು ಸಾಕು. ಗಂಜಿ ಹಾಕಿದ ಗಡುಸು ಸೀರೆ ನನ್ನನ್ನು ಕೊಡದ ಹಾಗೆ ಉಬ್ಬಿಸುತ್ತದೆ. ಮೈಸೂರು ಕ್ರೇಪ್ ರೇಷ್ಮೆಯ ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯುವುದರಿಂದ ಅದು ಮೈಗೆ ಹೊಂದಿಕೊಂಡು ಇಳಿಯುತ್ತದೆ. ಹತ್ತು ರಿಬೇಟ್ ಸೀರೆಯ ದುಡ್ಡು ಕೂಡಿಸಿದ್ದರೆ ಅಂಥದ್ದೊಂದು ಎಂದೋ ಬರುತ್ತಿತ್ತು.

ರವಿಕೆಯ ತೋಳು ರಟ್ಟೆಯ ದಪ್ಪ ಜಾಗದಲ್ಲಿ ಮುಗಿದರೆ ರಟ್ಟೆ ಇನ್ನೂ ದಪ್ಪ ಕಾಣುತ್ತದೆ. ಮೊಣಕೈಗೆ ಎರಡು ಬೆರಳು ಮೇಲೆ ನಿಲ್ಲಿಸಿದರೆ ಸರಿಹೋಗುತ್ತದೆ. ಭುಜದ ಹೊಲಿಗೆ ಭುಜದ ಮೇಲೇ ಕೂರಬೇಕು. ದರ್ಜಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು. "ಹಿಂದಿನ ಅಳತೆಯಂಗ ಹೊಲೀರಿ" ಎಂದು ನಾನು ಹದಿನೈದು ವರ್ಷ ಹಿಂದಿನ ತಪ್ಪನ್ನೇ ಹೊಲಿಸಿದ್ದೆ. ನೆರಿಗೆ ಹಿಡಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಳ್ಳಿ. ಇಲ್ಲದಿದ್ದರೆ ಹೊಸ್ತಿಲು ದಾಟುವಷ್ಟರಲ್ಲಿ ಸೀರೆ ಎರಡಿಂಚು ಮೇಲೇರಿರುತ್ತದೆ. ಅಂಗಡಿಯಲ್ಲಿ ದೀಪದ ಬೆಳಕನ್ನು ನಂಬಬೇಡಿ, ಸೀರೆಯನ್ನು ಬಾಗಿಲಿಗೆ ತಂದು ಹಗಲಿನಲ್ಲಿ ನೋಡಿ. ಅಂಗಡಿಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ, ಉಡುವವರು ನಾವು.

ಇಷ್ಟಾದರೂ ಮಗಳ ಗ್ಯಾದರಿಂಗಿನ ಸೀರೆ ಬಾಕಿಯೇ ಇತ್ತು. ಅವಳ ಪ್ರಶ್ನೆಯೂ. ಇಬ್ಬರೂ ರೋಣದ ಕಡೆಯ ನಮ್ಮ ಊರಿಗೆ ಹೋದೆವು. ಫೋಟೋವನ್ನು ಅವ್ವನ ಕೈಗಿತ್ತು ಕೇಳಿದೆ: "ಅವ್ವಾ, ಕಡು ಬಣ್ಣ ಉಡಬಾರದಂತ ನಿನಗ ಯಾರು ಹೇಳಿದ್ರು?"

ಅವ್ವ ಚಾಳೀಸು ಏರಿಸಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದಳು. "ಹೇಳಿದಾವ್ರೆಲ್ಲ ಸತ್ತ ಹೋಗ್ಯಾರ ಬಿಡು" ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಹೇಳಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಆ ದಾಳಿಂಬೆ ಬಣ್ಣದ ಸೀರೆ ಉಟ್ಟು ಪಡಸಾಲೆಗೆ ಬಂದಾಗ ಯಾರೋ ಏನೋ ಅಂದರಂತೆ, ಕುಳಿತವರೆಲ್ಲ ನಕ್ಕರಂತೆ. ಏನಂದರು ಎಂದು ಹೇಳಲಿಲ್ಲ. "ನಿನ್ನ ನೋಡಿ ಯಾರೂ ನಗಬಾರದು ಅಂತಿತ್ತು ನನಗ" ಎಂದಳು ಅಷ್ಟೇ. ಆ ಸೀರೆಯನ್ನು ಅವಳು ಮತ್ತೆ ಉಡಲಿಲ್ಲ. ಸಂದೂಕದಲ್ಲಿ ಅದನ್ನು ಉಟ್ಟವರಲ್ಲಿ ಕೊನೆಯವಳು ನಾನೇ, 1998ರಲ್ಲಿ.

ಮಗಳು ಸಂದೂಕ ತೆಗೆದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಜೋಡಿಸಿ ನೇಯುತ್ತಾರೆ. ಅವಳು ಆ ಜೋಡಣೆಯ ಮೇಲೆ ಬೆರಳಾಡಿಸಿದಳು. ಕೆಂಪು ಸೆರಗಿನ ಮೇಲೆ ಬಿಳಿಯ ಜೋಳದ ತೆನೆ ಹಾಗೇ ಇದ್ದವು. ಮಡಿಕೆ ಬಿದ್ದಲ್ಲಿ ಎಳೆ ಸ್ವಲ್ಪ ಸಡಿಲಾಗಿತ್ತು. ಅವ್ವ ಮೊಮ್ಮಗಳ ತೋಳು ಹಿಡಿದು ಸೀರೆಯ ತುದಿ ಅದರ ಮೇಲಿಟ್ಟು ನೋಡಿದಳು. ಮಗಳು ತೋಳನ್ನು ಹಿಂದೆ ಸರಿಸಲಿಲ್ಲ.

ಗುಳೇದಗುಡ್ಡದ ಖಣದಲ್ಲಿ ಹೊಸ ಕುಪ್ಪಸ ಹೊಲಿಸಿದೆವು. 2017ರ ಫೆಬ್ರುವರಿಯಲ್ಲಿ ಅವಳು ಅದನ್ನುಟ್ಟು ವೇದಿಕೆ ಹತ್ತಿದಳು. ನನ್ನ ಕಪಾಟಿನಲ್ಲಿ ಈಗ 22 ಸೀರೆಗಳಿವೆ, ಒಂದನ್ನು ಎಳೆದರೆ ಒಂದೇ ಬರುತ್ತದೆ.

ಗ್ಯಾದರಿಂಗಿನ ಮರುದಿನ ಬೆಳಿಗ್ಗೆ ಅವ್ವನ ಫೋನು ಬಂತು. ಹೇಗಿತ್ತು, ಏನಂದರು, ಒಂದೂ ಕೇಳಲಿಲ್ಲ. "ಆ ಸೀರಿ ಬ್ಯಾರೆ ನೆನಿ ಇಡು ಮತ್ತ. ಸೆರಗು ಬಣ್ಣಾ ಬಿಟ್ಟೀತು, ನಿನ್ನ ಬಿಳೀ ಸೀರಿಗೆಲ್ಲ ಹತ್ತೀತು" ಎಂದಳು.

"ಹತ್ತಿದರ ಹತ್ತಲಿ ಬಿಡವಾ" ಎಂದೆ.