ಹೆಸರು ಬದಲಾದ ಮೇಲೆ

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದು ಗಾದೆ. ಸೇರಿದ ಕುಲವಾದರೂ ಅವಳನ್ನು ಎಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ?

1956ರ ಏಪ್ರಿಲ್‌ನಲ್ಲಿ ಮೊನಾಕೊದ ಅರಸ ಮೂರನೇ ರೇನಿಯೆಯ ಕೈಹಿಡಿದ ಗ್ರೇಸ್ ಕೆಲ್ಲಿ, ಅಮೆರಿಕದ ಫಿಲಡೆಲ್ಫಿಯಾದ ಇಟ್ಟಿಗೆ ಕಂಟ್ರಾಕ್ಟರೊಬ್ಬರ ಮಗಳು. ಆಸ್ಕರ್ ಗೆದ್ದ ನಟಿ. ಹಿಚ್‌ಕಾಕ್‌ನ ಮೂರು ಸಸ್ಪೆನ್ಸ್ ಚಿತ್ರಗಳ ನಾಯಕಿ. ಮದುವೆಯೊಂದಿಗೆ ಬಣ್ಣ ಕಳಚಿಟ್ಟಳು.

ಆರು ವರ್ಷದ ಬಳಿಕ ಹಿಚ್‌ಕಾಕ್ ಮತ್ತೆ ಕರೆದ. ಅವನ ಕೈಯಲ್ಲಿದ್ದದ್ದು ವಿನ್‌ಸ್ಟನ್ ಗ್ರಹಾಂನ 1961ರ ಕಾದಂಬರಿ ‘ಮಾರ್ನಿ’. ಅದರ ನಾಯಕಿ ಹೆಸರು ಬದಲಿಸಿ ಕೆಲಸಕ್ಕೆ ಸೇರುತ್ತಾಳೆ, ನಂಬಿಕೆ ಗಳಿಸುತ್ತಾಳೆ, ಹಣ ಕದ್ದು ಮಾಯವಾಗುತ್ತಾಳೆ. ಕೊನೆಗೆ ಸಿಕ್ಕಿಬಿದ್ದಾಗ ಮಾಲೀಕ ಅವಳನ್ನು ಪೊಲೀಸರಿಗೆ ಒಪ್ಪಿಸುವುದಿಲ್ಲ, ಮದುವೆಯಾಗುತ್ತಾನೆ. ಅವಳಿಗೆ ಅದೇ ಸೆರೆ.

ಗ್ರೇಸ್ ಒಪ್ಪಿದಳು. 1962ರ ಮಾರ್ಚ್‌ನಲ್ಲಿ ಅರಮನೆಯೇ ಸುದ್ದಿ ಪ್ರಕಟಿಸಿತು. ಪ್ರಜೆಗಳು ಗೊಣಗಿದರು. ರಾಣಿಯಾದವಳು ಕಳ್ಳಿಯಾಗುವುದೇ? ಪರದೆಯ ಮೇಲೆ ಪರಪುರುಷನನ್ನು ಮುದ್ದಿಸುವುದೇ? ಆ ವರ್ಷವೇ ತೆರಿಗೆ ವಿಚಾರದಲ್ಲಿ ಫ್ರಾನ್ಸಿನೊಂದಿಗೆ ಜಗಳ ಬೇರೆ. ಕೆಲವೇ ತಿಂಗಳಲ್ಲಿ ಆಕೆ ಹಿಂದೆ ಸರಿದಳು. ಟಿಪ್ಪಿ ಹೆಡ್ರೆನ್ ನಟಿಸಿದ ಚಿತ್ರ 1964ರಲ್ಲಿ ತೆರೆಕಂಡಿತು.

ಮುಂದೆ ಗ್ರೇಸ್ ದತ್ತಿ ಕೆಲಸ ಮಾಡಿದಳು, ಒಣಗಿಸಿದ ಹೂಗಳಿಂದ ಚಿತ್ರ ಕಟ್ಟಿದಳು, ವೇದಿಕೆಗಳಲ್ಲಿ ಕವಿತೆ ಓದಿದಳು. ಕಥಾಚಿತ್ರದ ನಾಯಕಿಯಾಗಿ ಮಾತ್ರ ಮತ್ತೆ ಬರಲಿಲ್ಲ. 1982ರ ಸೆಪ್ಟೆಂಬರ್‌ನಲ್ಲಿ ಬೆಟ್ಟದ ರಸ್ತೆಯಿಂದ ಕಾರು ಉರುಳಿ ತೀರಿಕೊಂಡಾಗ ಆಕೆಗೆ 52 ವರ್ಷ.

ಮಾರ್ನಿಗೆ ಹಲವು ಹೆಸರುಗಳಿದ್ದವು, ಒಂದೂ ಅಂಟಿಕೊಳ್ಳಲಿಲ್ಲ. ಗ್ರೇಸ್ ಬದಲಿಸಿದ್ದು ಒಂದೇ ಸಲ. ಅದನ್ನು ಕಳಚಲು ಆಗಲಿಲ್ಲ.