ನಾನು ಹೊಡೆದ ಟೊಮೆಟೊ ಗಿಡ

ನಮ್ಮದು ಅರ್ಧ ಎಕರೆ ಟೊಮೆಟೊ ತೋಟ. ಹೋದ ತಿಂಗಳು ಪ್ರವಾಸಕ್ಕೆ ದುಡ್ಡು ಕೇಳಿದೆ. ಅಪ್ಪ "ಕಾಯಿ ಕೀಳೋ ತನಕ ಕೇಳಬೇಡ ಕಣೋ" ಅಂದರು. ನನಗೆ ಸಿಟ್ಟು ಬಂತು. ತೋಟಕ್ಕೆ ಹೋಗಿ ಕೋಲಿನಿಂದ ಒಂದು ಸಾಲಿನ ಗಿಡಗಳಿಗೆಲ್ಲಾ ಹೊಡೆದೆ. ಎಲೆಗಳು ಹರಿದುಹೋದವು. ಅಪ್ಪ ನೋಡಿದರು. ಬಯ್ಯಲಿಲ್ಲ. ಬಗ್ಗಿದ ಗಿಡಗಳನ್ನು ಒಂದೊಂದಾಗಿ ಎತ್ತಿ ಕೋಲಿಗೆ ದಾರದಿಂದ ಕಟ್ಟಿದರು. ನನಗೇ ಎರಡು ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮಾರನೇ ದಿನ ವಿಜ್ಞಾನದ ಪಿರಿಯಡ್ಡಿನಲ್ಲಿ "ಟೀಚರ್, ಹೊಡೆದರೆ ಗಿಡಕ್ಕೆ ಗೊತ್ತಾಗುತ್ತಾ?" ಅಂತ ಕೇಳಿದೆ. ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ಅವರು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಗಿಡಕ್ಕೆ ನಮ್ಮ ಹಾಗೆ ನರ, ಮಿದುಳು ಇಲ್ಲ. ಆದರೆ ಗಾಯವಾದರೆ ಸುಮ್ಮನಿರುವುದಿಲ್ಲ. ಹುಳ ಒಂದು ಎಲೆಯನ್ನು ಕಡಿದರೆ ಬೇರೆ ಎಲೆಗಳೂ ಎಚ್ಚರವಾಗುತ್ತವೆ. ಇದನ್ನು 1972ರಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ರಯಾನ್ ಮತ್ತು ಜೊತೆಯವರು ತೋರಿಸಿದರು. ಸುದ್ದಿ ಹುಟ್ಟಿಸುವ ವಸ್ತು ಯಾವುದು ಅಂತ ತಿಳಿಯಲು ಮತ್ತೆ 19 ವರ್ಷ ಬೇಕಾಯಿತು. 1991ರಲ್ಲಿ ಅದು ಸಿಕ್ಕಿತು. ಅದರ ಹೆಸರು ಸಿಸ್ಟೆಮಿನ್. ಸುಮಾರು 27 ಕಿಲೋ ಟೊಮೆಟೊ ಎಲೆ ಅರೆದರೂ ಸಿಕ್ಕಿದ್ದು ಕಣ್ಣಿಗೆ ಕಾಣದಷ್ಟು!

ಪ್ರೋಟೀನ್ ಅಂದರೆ ಉದ್ದನೆಯ ಮಣಿಸರ ಇದ್ದ ಹಾಗೆ. ಅಮೈನೋ ಆಮ್ಲಗಳೇ ಮಣಿಗಳು. ಚಿಕ್ಕ ಸರಕ್ಕೆ ಪೆಪ್ಟೈಡ್ ಅನ್ನುತ್ತಾರೆ. ಸಿಸ್ಟೆಮಿನ್‌ನಲ್ಲಿ ಇರುವುದು 18 ಮಣಿ ಮಾತ್ರ. ಎಲೆಗೆ ಗಾಯವಾದಾಗ ಇದು ದೊಡ್ಡ ಸರದಿಂದ ತುಂಡಾಗಿ ಬಂದು ಪಕ್ಕದ ಜೀವಕೋಶಗಳಿಗೆ ತಿಳಿಸುತ್ತದೆ. ಅವು ಜಾಸ್ಮೋನಿಕ್ ಆಮ್ಲವನ್ನು ತಯಾರಿಸುತ್ತವೆ. ಸುದ್ದಿ ಗಿಡಕ್ಕೆಲ್ಲಾ ಹರಡುತ್ತದೆ. ಆಗ ಎಲೆಗಳಲ್ಲಿ ಒಂದು ವಸ್ತು ತುಂಬಿಕೊಳ್ಳುತ್ತದೆ. ಅದನ್ನು ತಿಂದ ಹುಳಕ್ಕೆ ಹೊಟ್ಟೆಯಲ್ಲಿ ಪ್ರೋಟೀನ್ ಸರಿಯಾಗಿ ಜೀರ್ಣವಾಗುವುದಿಲ್ಲ, ಚೆನ್ನಾಗಿ ಬೆಳೆಯುವುದಿಲ್ಲ.

ರಾತ್ರಿ ಊಟ ಮಾಡುವಾಗ ಇದನ್ನೆಲ್ಲಾ ಅಪ್ಪನಿಗೆ ಹೇಳಿದೆ. "ಹಂಗಾದ್ರೆ ಔಷಧಿ ಹೊಡಿಯೋದೇ ಬೇಡ್ವೇನೋ?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಟೀಚರನ್ನು ಕೇಳಿದೆ. "ಗಿಡ ತಯಾರಾಗಲು ಕೆಲವು ಗಂಟೆ ಬೇಕು. ಹುಳ ಜಾಸ್ತಿ ಬಿದ್ದರೆ ಅದೊಂದಕ್ಕೇ ಸಾಲದು, ನಾವೂ ನೋಡಿಕೊಳ್ಳಬೇಕು" ಅಂದರು.

ಈಗ ದಿನಾ ಬೆಳಿಗ್ಗೆ ಶಾಲೆಗೆ ಬರುವ ಮುಂಚೆ ಆ ಸಾಲಿನಲ್ಲಿ ಹುಳ ಆರಿಸುತ್ತೇನೆ. ನಾನು ಹೊಡೆದ ಗಿಡಗಳಲ್ಲಿ ಎರಡು ಒಣಗಿಹೋದವು. ಉಳಿದವು ಹೂ ಬಿಟ್ಟಿವೆ. ಪ್ರವಾಸದ ಮಾತು ನಾನು ಮತ್ತೆ ಎತ್ತಿಲ್ಲ. ಗೆಳೆಯರೇ, ಸುಮ್ಮಸುಮ್ಮನೆ ಎಲೆ ಕೀಳಬೇಡಿ. ಗಿಡ ಕೂಗುವುದಿಲ್ಲ ಅಷ್ಟೇ.

— 7ನೇ ತರಗತಿಯ ವಿದ್ಯಾರ್ಥಿ