ಮಲಗಿಕೊಂಡು ಎಂತ ಸರ್ಫಿಂಗ್?

ಸರ್ಫಿಂಗ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬರೋ ಚಿತ್ರ ಯಾವುದು? ದೊಡ್ಡ ಅಲೆ, ಉದ್ದನೆಯ ಬೋರ್ಡು, ಅದರ ಮೇಲೆ ಕೈ ಚಾಚಿ ನಿಂತ ಒಬ್ಬ ಮನುಷ್ಯ. ನಿಂತಿರಲೇಬೇಕು. ಮಲಗಿದ್ದರೆ ‘ಪಾಪ, ಈಗಷ್ಟೇ ಕಲೀತಿದ್ದಾನೆ’ ಅಂದುಕೊಳ್ತೀವಿ. ಮೊಣಕಾಲೂರಿದ್ದರೆ ‘ಏಳೋಕೆ ಆಗ್ಲಿಲ್ಲ ಅನ್ಸುತ್ತೆ’ ಅಂತೀವಿ. ಈ ಲೇಖನ ಬೇಕು ಅಂತಲೇ ಎದ್ದು ನಿಲ್ಲದವರ ಬಗ್ಗೆ.

ಹವಾಯಿ, ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳಲ್ಲಿ ಈಗ ಅರವತ್ತು ಎಪ್ಪತ್ತು ದಾಟಿದ ಕೆಲವು ಸರ್ಫರ್‌ಗಳಿಗೆ ಒಂದು ಹುಚ್ಚಿದೆ. ಹಳೇ ಗ್ಯಾರೇಜುಗಳಲ್ಲಿ, ಗುಜರಿ ರಾಶಿಗಳಲ್ಲಿ, ಸತ್ತುಹೋದ ಗೆಳೆಯರ ಮನೆಗಳ ಅಟ್ಟದಲ್ಲಿ ಅವರು ಎರಡು ಥರದ ಹಲಗೆ ಹುಡುಕ್ತಾರೆ. ಒಂದು, ಹೊಟ್ಟೆ ಊರಿ ಮಲಗಿ ಅಲೆ ಹಿಡಿಯುವ ಪೈಪೋ. ಇನ್ನೊಂದು, ಮೊಣಕಾಲೂರಿ ಕೂತು ಓಡಿಸುವ ನೀಬೋರ್ಡ್. ಸಿಕ್ಕಿದರೆ ಮಗು ಸಿಕ್ಕಿದಷ್ಟು ಖುಷಿ. ಧೂಳು ಒರೆಸಿ, ಬಿರುಕು ತುಂಬಿಸಿ, ಯಾರು ಮಾಡಿದ್ದು, ಯಾವ ವರ್ಷದ್ದು ಅಂತ ಲೆಕ್ಕ ಹಾಕ್ತಾ ಕೂತುಬಿಡ್ತಾರೆ. ಕಳೆದ ವರ್ಷ ಇದರ ಬಗ್ಗೆ ಓದೋಕೆ ಶುರು ಮಾಡಿದಾಗ ನನಗೆ ನಗು ಬಂದಿತ್ತು. ಒಂದು ಹಲಗೆಗೆ ಇಷ್ಟು ನೆನಪಾ ಅಂತ. ಆಮೇಲೆ ನಗು ನಿಂತಿತು.

ಪೈಪೋ ಹೊಸದೇನಲ್ಲ. ಯುರೋಪಿನ ಹಡಗುಗಳು ಬರುವ ಎಷ್ಟೋ ಮೊದಲೇ ಹವಾಯಿಯ ಜನ ಅಲೆ ಮೇಲೆ ಸವಾರಿ ಮಾಡ್ತಿದ್ದರು. ಮುಖ್ಯಸ್ಥರಿಗೆ ‘ಓಲೋ’ ಅನ್ನುವ ಬಹಳ ಉದ್ದದ ಹಲಗೆ, ನಿಂತು ಆಡುವವರಿಗೆ ‘ಅಲಾಯಾ’. ಮಕ್ಕಳು ಮರಿಗಳೂ ಸೇರಿ ಎಲ್ಲರ ಕೈಗೂ ಸಿಗುವಂಥದ್ದು ಪೈಪೋ. ಮೂರ್ನಾಲ್ಕು ಅಡಿ ಉದ್ದ, ತೆಳ್ಳಗೆ, ಮುಂದೆ ದುಂಡಗೆ, ಹಿಂದೆ ಕೊಯ್ದ ಹಾಗೆ ನೇರ. ಕೋವಾ ಅನ್ನೋ ಮರದಲ್ಲಿ ಮಾಡ್ತಿದ್ದರು, ಬ್ರೆಡ್‌ಫ್ರೂಟ್ ಮರದಲ್ಲೂ ಮಾಡ್ತಿದ್ದರು. ಬ್ರೆಡ್‌ಫ್ರೂಟ್ ಅಂದ್ರೆ ಏನೋ ಅಂದ್ಕೋಬೇಡಿ, ನಮ್ಮೂರ ಜೀಗುಜ್ಜೆ! ಅಮ್ಮ ಪೋಡಿ ಮಾಡುವ ಅದೇ ಜೀಗುಜ್ಜೆಯ ಮರದಲ್ಲಿ ಸರ್ಫ್‌ಬೋರ್ಡ್ ಆಗ್ತಿತ್ತು ಅಂತ ಗೊತ್ತಾದ ದಿನ ನಾನು ಹಿತ್ತಲಿಗೆ ಹೋಗಿ ನಮ್ಮ ಮರವನ್ನು ಸ್ವಲ್ಪ ಬೇರೆ ಥರ ನೋಡಿದ್ದು ನಿಜ.

1820ರಲ್ಲಿ ಮಿಷನರಿಗಳು ಬಂದರು. ಹೊರಗಿನ ರೋಗಗಳು ಅದಕ್ಕೂ ಮೊದಲೇ ಬಂದಿದ್ದವು. ಜನಸಂಖ್ಯೆ ಕುಸಿಯಿತು, ಆಟಗಳೂ ಕುಸಿದವು. 1896ರಲ್ಲಿ ಶಾಲೆಗಳ ಮಾಧ್ಯಮ ಇಂಗ್ಲಿಷೇ ಆಗಿರಬೇಕು ಅಂತ ಕಾನೂನು ಬಂತು. ‘ಪೈಪೋ’ ಅನ್ನೋ ಪದದ ಸ್ಥಿತಿಯನ್ನೇ ನೋಡಿ. ಅದರ ಹಳೇ ರೂಪ ‘ಪಯೆ ಪೊಓ’ ಅಂತ ಬಲ್ಲವರು ಹೇಳ್ತಾರೆ. ‘ಪಯೆ’ ಅಂದ್ರೆ ಅಲೆಯ ಜೊತೆ ದಡ ಸೇರುವುದು, ‘ಪೊಓ’ ಅಂದ್ರೆ ತಲೆ. ತಲೆ ಮುಂದಾಗಿ ದಡಕ್ಕೆ ಬರುವುದು. ಎಷ್ಟು ಸರಿಯಾದ ಹೆಸರು! ಬಾಯಿಂದ ಬಾಯಿಗೆ ಸವೆದು ಸವೆದು ಕೊನೆಗೆ ಅರ್ಥವೇ ಇಲ್ಲದ ಪೈಪೋ ಆಗಿ ಉಳೀತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ, ಅಜ್ಜ ಹೇಳುವ ಗಾಳಿಯ ಹೆಸರುಗಳಲ್ಲಿ ಅರ್ಧಕ್ಕರ್ಧ ಅರ್ಥವಾಗದ ನನಗೆ ಇದನ್ನು ಓದಿದಾಗ ಸ್ವಲ್ಪ ಚುಚ್ಚಿತು. ಇರಲಿ, ಅದು ಬೇರೆ ಲೇಖನ.

ಪೈಪೋ ಸಾಯಲಿಲ್ಲ. ವೈಕೀಕಿಯಲ್ಲಿ ಹುಡುಗರು ಆಡುತ್ತಲೇ ಇದ್ದರು. ವಾಲಿ ಫ್ರಾಯ್ಸೆತ್ ಅಂತ ಒಬ್ಬರು, 1930ರ ದಶಕದಲ್ಲಿ ಬೋರ್ಡಿನ ಹಿಂಭಾಗ ಕಿರಿದು ಮಾಡಿ ದೊಡ್ಡ ಅಲೆಗೆ ಇಳಿದ ಗೆಳೆಯರ ಗುಂಪಿನಲ್ಲಿದ್ದವರು, ಮುಂದೆ ಪೈಪೋಗಳನ್ನೂ ಮಾಡಿದರು. ಅವರ ಕೈಯ ಹಲಗೆ ಅಂದ್ರೆ ಇವತ್ತು ಹುಡುಕುವವರಿಗೆ ನಿಧಿ. ಅಷ್ಟೇ ಯಾಕೆ, ನಿಮ್ಮ ಅಗಾಥಾ ಕ್ರಿಸ್ಟಿ ಕೂಡ 1922ರಲ್ಲಿ ದಕ್ಷಿಣ ಆಫ್ರಿಕಾದ ಮೈಜೆನ್‌ಬರ್ಗ್ ಕಡಲಿನಲ್ಲಿ ತೆಳು ಹಲಗೆ ಮೇಲೆ ಮಲಗಿ ಅಲೆ ಹಿಡಿದಿದ್ದಾರೆ. ಪತ್ತೇದಾರಿ ಕತೆಗಳ ಮಹಾತಾಯಿ ಮೂಗಿಗೆ ಉಪ್ಪುನೀರು ಹೊಕ್ಕಿಸಿಕೊಂಡು ದಡಕ್ಕೆ ಬರುವುದನ್ನು ಕಲ್ಪಿಸಿಕೊಳ್ಳೋದು ನನಗೆ ತುಂಬಾ ಇಷ್ಟ.

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ಮೆಕ್ಯಾನಿಕಲ್, ಸಿವಿಲ್‌ನವರು ದಯವಿಟ್ಟು ನಿದ್ದೆ ಮಾಡಬೇಡಿ.

ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಜಾರ್ಜ್ ಗ್ರೀನೊ ಅಂತ ಒಬ್ಬ ಹುಡುಗ ಇದ್ದ. ಹುಟ್ಟಿದ್ದು 1941ರಲ್ಲಿ. ಸುತ್ತ ಎಲ್ಲರೂ ಒಂಬತ್ತು ಹತ್ತು ಅಡಿಯ ಭಾರದ ಬೋರ್ಡುಗಳ ಮೇಲೆ ನಿಂತು ತೇಲುತ್ತಿದ್ದಾಗ ಈ ಪುಣ್ಯಾತ್ಮ ಐದಡಿಯ ಆಸುಪಾಸಿನ ಹಲಗೆ ಮಾಡಿಕೊಂಡು ಮೊಣಕಾಲೂರಿದ. 60ರ ದಶಕದ ಮಧ್ಯದಲ್ಲಿ ಅವನು ಮಾಡಿದ ‘ವೇಲೋ’ ಅನ್ನೋ ನೀಬೋರ್ಡ್ ಇದೆಯಲ್ಲ, ಅದು ಚಮಚದ ಹಾಗೆ ಒಳಗೆ ತಗ್ಗು. ಮಾಮೂಲಿ ಬೋರ್ಡಿನ ಹೊಟ್ಟೆಯಲ್ಲಿ ಫೋಮ್, ಮೇಲೆ ಕೆಳಗೆ ಫೈಬರ್‌ಗ್ಲಾಸ್ ಪದರ. ಸ್ಯಾಂಡ್‌ವಿಚ್. ಗ್ರೀನೊ ನಡುವಿನ ದಪ್ಪವನ್ನೇ ತೆಗೆದು ಬಹುಪಾಲು ಬರೀ ಫೈಬರ್‌ಗ್ಲಾಸ್ ಉಳಿಸಿದ.

ಯಾಕೆ? ಮೂರನೇ ಸೆಮಿಸ್ಟರಿನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೆನಪಿಸಿಕೊಳ್ಳಿ. ಆಯತಾಕಾರದ ಸೆಕ್ಷನ್‌ನ ಮೊಮೆಂಟ್ ಆಫ್ ಇನರ್ಶಿಯಾ, ಬಿ ಎಚ್ ಕ್ಯೂಬ್ ಬೈ 12. ದಪ್ಪ ಅರ್ಧ ಆದ್ರೆ ಬಾಗುವಿಕೆಗೆ ಒಡ್ಡುವ ಬಿಗಿ ಅರ್ಧ ಆಗಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಫೋಮ್ ಇರೋದೇ ಎರಡು ಪದರಗಳನ್ನು ದೂರ ಇಟ್ಟು ಬಿಗಿ ಹೆಚ್ಚಿಸೋಕೆ. ಗ್ರೀನೊಗೆ ಆ ಬಿಗಿ ಬೇಡವಾಗಿತ್ತು. ತಿರುವಿನಲ್ಲಿ ಭಾರ ಬಿದ್ದಾಗ ಹಲಗೆ ಬಾಗಬೇಕು, ತಿರುವು ಮುಗಿದಾಗ ಸ್ಪ್ರಿಂಗಿನ ಹಾಗೆ ನೆಟ್ಟಗಾಗಿ ಮುಂದಕ್ಕೆ ತಳ್ಳಬೇಕು. ಫಿನ್ನನ್ನೂ ಹಾಗೇ ಮಾಡಿದ: ಟ್ಯೂನಾ ಮೀನಿನ ಬಾಲ ನೋಡಿಕೊಂಡು, ಎತ್ತರಕ್ಕೆ, ತುದಿಗೆ ಹೋಗ್ತಾ ಸಣ್ಣಗೆ, ಬಾಗುವಂತೆ. ಇದಕ್ಕೆಲ್ಲ ಒಂದು ಬೆಲೆ ಇತ್ತು. ಫೋಮ್ ಇಲ್ಲದ ಹಲಗೆ ಸರಿಯಾಗಿ ತೇಲಲ್ಲ. ಸುಮ್ಮನೆ ನಿಂತರೆ ಮುಳುಗುತ್ತೆ, ಓಡುತ್ತಿದ್ದರೆ ಮಾತ್ರ ನೀರ ಮೇಲೆ. ಅಲೆವರೆಗೆ ಹೋಗೋದಕ್ಕೆ ಕಾಲಿಗೆ ಬಾತುಕೋಳಿ ಪಾದದಂಥ ರಬ್ಬರ್ ಫಿನ್ ಹಾಕಿಕೊಂಡು ಈಜಬೇಕು. ಓಡುವಾಗ ಮಾತ್ರ ತೇಲುವ ವಸ್ತುವನ್ನು ಯಾವ ಕಂಪನಿ ಮಾರುತ್ತೆ ಹೇಳಿ? ತನಗೆ ತಾನೇ ಮಾಡಿಕೊಳ್ಳುವವನು ಮಾತ್ರ ಮಾಡಿಯಾನು.

1966ರಲ್ಲಿ ಸಾನ್ ಡಿಯೇಗೋದಲ್ಲಿ ವಿಶ್ವ ಚಾಂಪಿಯನ್‌ಶಿಪ್. ಆಸ್ಟ್ರೇಲಿಯಾದ ನ್ಯಾಟ್ ಯಂಗ್ ಗೆದ್ದರು, ನಿಂತುಕೊಂಡೇ. ಆದರೆ ‘ಮ್ಯಾಜಿಕ್ ಸ್ಯಾಮ್’ ಅನ್ನೋ ಅವರ ಬೋರ್ಡಿನ ಕೆಳಗಿದ್ದದ್ದು ಗ್ರೀನೊ ಮಾದರಿಯ ಫಿನ್. ಗ್ರೀನೊ ಮೊಣಕಾಲ ಮೇಲೆ ತೆಗೆಯುತ್ತಿದ್ದ ತಿರುವುಗಳನ್ನು ಕಣ್ಣಾರೆ ಕಂಡ ಬಾಬ್ ಮೆಕ್‌ಟಾವಿಷ್ ಅನ್ನೋ ಬೋರ್ಡು ಕುಶಲಕರ್ಮಿ, ನಿಂತು ಕೂಡ ಹೀಗೆ ತಿರುಗಬೇಕು ಅಂತ ಬೋರ್ಡುಗಳನ್ನು ಗಿಡ್ಡ ಮಾಡುತ್ತಾ ಹೋದರು. ಶಾರ್ಟ್‌ಬೋರ್ಡ್ ಕ್ರಾಂತಿ ಅಂತ ಎಲ್ಲರೂ ಹೊಗಳೋದು ಇದನ್ನೇ. 1967ರ ಹೊತ್ತಿಗೆ ಸ್ಟೀವ್ ಲಿಸ್ ಅನ್ನೋ ಸಾನ್ ಡಿಯೇಗೋ ಹುಡುಗ ಮೀನಿನ ಬಾಲದ ಹಾಗೆ ಸೀಳಿದ, ಎರಡು ಫಿನ್ನಿನ ಗಿಡ್ಡ ಹಲಗೆ ಮಾಡಿದ. ಇವತ್ತು ಸರ್ಫ್ ಅಂಗಡಿಗಳಲ್ಲಿ ‘ಫಿಶ್’ ಅಂತ ನಿಂತವರು ಕೊಳ್ಳುವ ಬೋರ್ಡಿನ ಮೂಲಪುರುಷ ಅದು. ಲಿಸ್ ಅದನ್ನು ಮಾಡಿಕೊಂಡದ್ದು ಮೊಣಕಾಲೂರೋದಕ್ಕೆ!

ಅಂದ್ರೆ ಲೆಕ್ಕ ನೋಡಿ. ನಿಂತವರಿಗೆ ಫಿನ್ ಕೊಟ್ಟದ್ದು ಮೊಣಕಾಲೂರಿದವನು, ತಿರುವು ಕೊಟ್ಟದ್ದು ಮೊಣಕಾಲೂರಿದವನು, ಫಿಶ್ ಕೊಟ್ಟದ್ದು ಮೊಣಕಾಲೂರಿದವನು. ಫೋಟೋ ಮಾತ್ರ ನಿಂತವನದ್ದು. ಅಲೆಯ ಸುರುಳಿಯ ಒಳಗಿಂದ ಹೊರಗೆ ನೋಡಿದರೆ ಹೇಗೆ ಕಾಣುತ್ತೆ ಅಂತ ತೋರಿಸಿದ್ದೂ ಗ್ರೀನೊನೇ. ಭಾರದ ಕ್ಯಾಮೆರಾವನ್ನು ಬೆನ್ನಿಗೆ ಕಟ್ಟಿಕೊಂಡು ಒಳಗೆ ನುಗ್ಗುತ್ತಿದ್ದ. 1973ರ ‘ಕ್ರಿಸ್ಟಲ್ ವಾಯೇಜರ್’ ಚಿತ್ರದ ಕೊನೆಯ ಇಪ್ಪತ್ತು ಚಿಲ್ಲರೆ ನಿಮಿಷ ಪಿಂಕ್ ಫ್ಲಾಯ್ಡ್ ಸಂಗೀತದ ಜೊತೆ ಬರೀ ನೀರು. ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ ಲೈಟ್ ಆರಿಸಿ ನೋಡಿ. ಇಂಟರ್ನಲ್ಸ್ ಹಿಂದಿನ ದಿನ ಬೇಡ.

ಪೈಪೋ ಮಾಯವಾದದ್ದು ಹೇಗೆ ಅನ್ನೋದು ಇನ್ನೂ ತಮಾಷೆ. 1971ರ ಜುಲೈನಲ್ಲಿ ಟಾಮ್ ಮೋರಿ ಹವಾಯಿಯಲ್ಲಿದ್ದರು. ಗಣಿತ ಓದಿದವರು, ಡಗ್ಲಸ್ ವಿಮಾನ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವರು. ಅವರ ಹತ್ತಿರ ಒಂದು ಪಾಲಿಎಥಿಲೀನ್ ಫೋಮ್ ತುಂಡು ಇತ್ತು. ಅಡುಗೆಮನೆಯ ಎಲೆಕ್ಟ್ರಿಕ್ ಚಾಕುವಿನಲ್ಲಿ ಕೊಯ್ದರು, ಮೇಲೆ ಪೇಪರ್ ಹಾಸಿ ಬಟ್ಟೆಯ ಇಸ್ತ್ರಿಪೆಟ್ಟಿಗೆಯಲ್ಲಿ ಉಜ್ಜಿ ಆಕಾರ ಕೊಟ್ಟರು, ನೀರಿಗೆ ಇಳಿದರು. ಅದೇ ಬೂಗಿ ಬೋರ್ಡ್. ಮೆತ್ತಗೆ, ಅಗ್ಗ, ಹಲ್ಲು ಮುರಿಯಲ್ಲ. ಲೋಕದ ಮಕ್ಕಳೆಲ್ಲ ಅದನ್ನೇ ಹಿಡಿದರು. ಪೈಪೋದ ವಂಶದಲ್ಲೇ ಹುಟ್ಟಿದ ಕೂಸು ಪೈಪೋವನ್ನು ಮನೆಯಿಂದ ಹೊರಗೆ ಹಾಕಿತು. ಮೋರಿಯವರ ಮೇಲೆ ನನಗೆ ಸಿಟ್ಟಿಲ್ಲ, ಅಡುಗೆಮನೆಯಲ್ಲಿ ಅವರು ಮಾಡಿದ ಕೆಲಸ ಗ್ರೀನೊ ಮಾಡಿದಂಥದ್ದೇ. ಆದರೆ ಆಮೇಲೆ ಬಂದ ಕಾರ್ಖಾನೆಯ ಸಾವಿರಾರು ಬೋರ್ಡುಗಳಲ್ಲಿ ಇದು ಇಂಥವರು ಮಾಡಿದ್ದು ಅಂತ ಹೇಳೋಕೆ ಏನೂ ಉಳಿಯಲಿಲ್ಲ.

ಆ ಹಿರಿಯರ ಹುಡುಕಾಟ ನನಗೆ ಅರ್ಥವಾದದ್ದು ಇಲ್ಲಿ. ಕೆಲವರು ಬರೀ ತಮ್ಮ ಹದಿನೆಂಟನೇ ವಯಸ್ಸನ್ನು ಹುಡುಕ್ತಿರಬಹುದು, ತಪ್ಪೇನಲ್ಲ. ದುಡ್ಡು ಕೊಟ್ಟು ತಂದು ಗೋಡೆಗೆ ತೂಗುಹಾಕಿ ನೀರು ಮುಟ್ಟಿಸದವರನ್ನು ಕಂಡರೆ ಮಾತ್ರ ನನಗೆ ಅಷ್ಟಕ್ಕಷ್ಟೆ. ಮೊಣಕಾಲು ಸವೆದು ಹೋದ ಹಳೇ ನೀಬೋರ್ಡರ್‌ಗಳು ಈಗ ಪೈಪೋಗೆ ಬರ್ತಿದ್ದಾರೆ. ಊರೋಕೆ ಆಗಲ್ಲ, ಮಲಗೋಕೆ ಆಗುತ್ತಲ್ಲ. ಹುಡುಗರ ಆಟಿಕೆ ಅಂತ ಬದಿಗಿಟ್ಟ ಹಲಗೆಯೇ ಕೊನೆಗೆ ಅವರನ್ನು ಕಡಲಿನಲ್ಲಿ ಉಳಿಸ್ತಿದೆ. ಅವರು ಕಳೆದುಕೊಂಡದ್ದು ಹಲಗೆಯೊಂದನ್ನೇ ಅಲ್ಲ ಅನ್ಸುತ್ತೆ ನನಗೆ. ಇವತ್ತು ಕೊಯ್ದು, ನಾಳೆ ನೀರಿಗಿಳಿಸಿ, ನಾಡಿದ್ದು ಮತ್ತೆ ಉಜ್ಜಿ ಸರಿ ಮಾಡ್ತಿದ್ದ ಆ ಅಭ್ಯಾಸವನ್ನು ಕೂಡ.

ನಮ್ಮೂರು ಮುಲ್ಕಿ ಹತ್ತಿರ. ಭಾರತದ ಮೊದಲ ಸರ್ಫ್ ಕ್ಲಬ್ 2004ರಲ್ಲಿ ಶುರುವಾದದ್ದು ಅಲ್ಲೇ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆದಾಗ ಮಾವನ ಹೆಗಲ ಮೇಲೆ ಕೂತು ನೋಡಿದ್ದೆ. ಅದಕ್ಕೂ ಮುಂಚೆ ನಮ್ಮ ಸರ್ಫಿಂಗ್ ಅಂದ್ರೆ ಮೀನಿನ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ. ಎದೆಗೆ ಒತ್ತಿ ಹಿಡಿದು ನೊರೆಯ ಜೊತೆ ದಡಕ್ಕೆ. ಮುರಿದರೆ ಇನ್ನೊಂದು ಮುಚ್ಚಳ. ತಲೆ ಮುಂದಾಗಿ ದಡಕ್ಕೆ ಬರುವುದಕ್ಕೆ ಒಂದು ಹೆಸರಿದೆ ಅಂತ ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹೋದ ರಜೆಯಲ್ಲಿ ಮನೆ ಹತ್ತಿರದ ಆಚಾರ್ರ ಶೆಡ್ಡಿಗೆ ಹೋಗಿ ಮರೈನ್ ಪ್ಲೈನ ಒಂದು ತುಂಡು ಕೇಳಿದೆ. ನಾಲ್ಕಡಿ ಉದ್ದ, ಹೆಚ್ಚುಕಮ್ಮಿ ಎದೆಯಷ್ಟು ಅಗಲ.

“ಎಂತಕ್ಕೆ ಮಾರಾಯ, ಟೇಬಲ್ಲಿಗಾ?”

“ಅಲ್ಲ ಆಚಾರ್ರೆ, ಕಡಲಿಗೆ. ಮಲಗಿ ಅಲೆ ಹಿಡೀಲಿಕ್ಕೆ.”

“ಮಲಗಿಕೊಂಡು ಎಂತ ಸರ್ಫಿಂಗ್? ಟಿವಿಯಲ್ಲಿ ಎಲ್ಲ ನಿಂತುಕೊಳ್ತಾರಲ್ಲ?”

ಅಂದರು, ಆದರೆ ಕೈ ಆಗಲೇ ಪೆನ್ಸಿಲ್ ಹುಡುಕ್ತಿತ್ತು. ಮುಂದಿನ ದುಂಡನ್ನು ಅವರೇ ಕೊಯ್ದು ಕೊಟ್ಟರು. ನನಗೆ ಎರಡು ದಿನ ಪಾಲಿಶ್ ಪೇಪರ್ ಹಿಡಿಸಿದರು, ಅಂಚು ಅಂಗೈಗೆ ಚುಚ್ಚಬಾರದು ಅಂತ. ವಾರ್ನಿಷ್ ಮೂರು ಕೋಟ್. ಬೆಳಿಗ್ಗೆ ಆರೂವರೆಗೆ ನೀರಿಗೆ ಇಳಿದೆ. ದೊಡ್ಡ ಅಲೆಯೇನಲ್ಲ, ಸೊಂಟದಷ್ಟು. ಕಣ್ಣು ನೀರಿನಿಂದ ಒಂದು ಗೇಣು ಮೇಲೆ ಇರೋದರಿಂದ ಸೊಂಟದಷ್ಟಿನ ಅಲೆಯೂ ಗೋಡೆಯ ಹಾಗೆ ಕಾಣುತ್ತೆ, ವೇಗ ಎರಡರಷ್ಟು ಅನ್ಸುತ್ತೆ. ಹಲಗೆ ಎದೆಗೆ ತಾಗಿ ಗಡಗಡ ಅನ್ನುತ್ತೆ, ನೀರಿನ ಪ್ರತಿ ಸುಕ್ಕೂ ಪಕ್ಕೆಲುಬಿಗೆ ಗೊತ್ತಾಗುತ್ತೆ. ಥರ್ಮೋಕೋಲ್ ಇದನ್ನೆಲ್ಲ ನುಂಗಿಬಿಡ್ತಿತ್ತು.

ಮೂರನೇ ದಿನ ಆಚಾರ್ರೇ ದಡಕ್ಕೆ ಬಂದರು. ಪಂಚೆ ಎತ್ತಿ ಕಟ್ಟಿ, ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಹಿಂದಿನ ಅಂಚು ಇನ್ನೂ ಸ್ವಲ್ಪ ಸಪೂರ ಆಗಬೇಕು, ನೀರು ಅಲ್ಲಿ ಹಿಡೀತದೆ ಅಂದರು. ಅವರು ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಲ್ಲ, ದೋಣಿ ರಿಪೇರಿ ಮಾಡಿದವರು. ಈಗ ಎಡಗಡೆ ಮೂಲೆಯಲ್ಲಿ ಪ್ಲೈ ಪದರ ಬಿಡ್ತಾ ಇದೆ. ಮಳೆ ಜೋರಾಗಿ ಕಡಲಿಗೆ ಇಳಿಯೋಕೆ ಆಗದಿರುವ ತಿಂಗಳುಗಳಲ್ಲಿ ಅದನ್ನು ಕೊಯ್ದು ತೆಗೆದು, ಹಿಂದಿನ ಅಂಚನ್ನು ಅವರು ಹೇಳಿದ ಹಾಗೆ ಇಳಿಸಬೇಕು. ಜೀಗುಜ್ಜೆ ಮರದ್ದೊಂದು ಒಣಗಿದ ಹಲಗೆ ಎಲ್ಲಾದರೂ ಸಿಕ್ಕರೆ ಹೇಳಿ ಕಳಿಸ್ತೇನೆ ಅಂದಿದ್ದಾರೆ.